ತುಕ್ಕು ಬಡಿಯುವ ಸದ್ದು

ಅಪ್ಪನಿಗೆ ನಮಸ್ಕಾರ,

ಸಾರಿ ಅಪ್ಪಾ, ಪತ್ರ ನೋಡಿ ಗಾಬರಿ ಆಗಬೇಡಿ. ಹಾಸ್ಟೆಲ್ ಫೋನಿನಲ್ಲಿ ನಾನು ಏನು ಕೇಳಿದರೂ ನಿಮಗೆ ಕೇಳಿಸುವುದಿಲ್ಲ. "ಆಯ್ತು ಮಗಳೇ, ಚೆನ್ನಾಗಿ ಓದು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನ ಪ್ರಾಜೆಕ್ಟ್‌ಗೆ ನಮ್ಮ ಹಡಗು ಯಾರ್ಡಿನ ಇತಿಹಾಸ ತಗೊಂಡಿದ್ದೇನೆ. ಲೈಬ್ರರಿಯ ಪುಸ್ತಕದಲ್ಲಿ ಮಾಲೀಕರ ಫೋಟೋ, ನದಿಗೆ ಇಳಿಸಿದ ಹಡಗುಗಳ ಹೆಸರು ಬಿಟ್ಟರೆ ಏನೂ ಸಿಗಲಿಲ್ಲ. ಹಾಗಾಗಿ ಈ ಊರಲ್ಲೇ ಮಗನ ಮನೆಯಲ್ಲಿರುವ ಯಾರ್ಡಿನ ನಿಮ್ಮ ಹಳೇ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಅವರೂ ನಿಮ್ಮ ಹಾಗೇ, ಕಿವಿಯ ಹತ್ತಿರ ಹೋಗಿ ಕಿರುಚಬೇಕು.

"ಸುತ್ತಿಗೇಲಿ ಹಡಗಿನ ತುಕ್ಕು ಬಡಿದು ಉದುರಿಸ್ತಿದ್ರೆ ಪಕ್ಕದ ಕ್ವಾರ್ಟರ್ಸ್‌ನಲ್ಲಿ ಪಾತ್ರೆಗಳು ಕುಣೀತಿದ್ವು ಕಣಮ್ಮಾ. ಅಲ್ಲಿ ಬೆಳೆದ ಮಕ್ಕಳಿಗೆಲ್ಲ ಕಿವಿ ಮಂದ. ನಿನ್ನ ಕಿವಿಯಾದ್ರೂ ಉಳೀಲಿ ಅಂತ ನಿಮ್ಮಪ್ಪ ಹಾಸ್ಟೆಲ್‌ಗೆ ಹಾಕಿದ್ದು. ನಿನ್ನ ಬಿಟ್ಟು ಬಂದ ದಿನ ಸುತ್ತಿಗೆ ಹಿಡ್ಕೊಂಡು ಸುಮ್ನೆ ನಿಂತಿದ್ದ, ಮಂಕು ಬಡಿದೋನ ಹಾಗೆ" ಅಂದರು.

ನೀವು ಒಂದು ಸಲವೂ ಹೇಳಲಿಲ್ಲ. ರಜೆಗೂ ಅತ್ತೆ ಮನೆಗೇ ಕಳಿಸುತ್ತಿದ್ದಿರಿ. ನನ್ನ ತರಲೆ ತಡೆಯಲಾರದೆ ದೂರ ಇಟ್ಟಿದ್ದೀರಿ ಅಂದುಕೊಂಡಿದ್ದೆ.

ಪರೀಕ್ಷೆ ಮುಗಿಸಿ ಇಲ್ಲಿ ಒಬ್ಬೊಬ್ಬರೇ ಹೊರಡುತ್ತಿದ್ದಾರೆ. ರೂಮ್‌ಮೇಟ್ ಹಾಸಿಗೆ ಸುತ್ತಿಟ್ಟು ಹೋದಳು. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ನನಗೇ ಕೇಳಿಸುತ್ತೆ. ತಿಂಗಳ ಕೊನೆಗೆ ಮೆಸ್ಸೂ ಬಂದ್. ಅತ್ತೆಗೆ ಬರುತ್ತೇನೆ ಅಂತ ಇನ್ನೂ ಹೇಳಿಲ್ಲ.

ಯಾರ್ಡ್ ಮುಚ್ಚಿ ವರ್ಷ ಆಯಿತಲ್ಲ ಅಪ್ಪಾ, ಈಗ ಅಲ್ಲಿ ಯಾವ ಸದ್ದೂ ಇಲ್ಲವಲ್ಲ. ಈ ಸಲ ನಮ್ಮ ಮನೆಗೇ ಬರಲಾ? ಮಂಚ ಬೇಡ, ಹೇಗೋ ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಮಗಳು