ಹಿತ್ತಿಲ ಬಾಗಿಲಲ್ಲಿ ಕೇಳಿದ ಅಪ್ಪಣೆ

ಮಾರ್ಚ್ 3, ಸೋಮವಾರ

ಕೋಳಿಗಳಿಗೆ ಕಾಳು ಹಾಕಿ ಬರುವಷ್ಟರಲ್ಲಿ ದಿನಾ ಲಂಡನ್ನಿಗೆ ಕೆಲಸಕ್ಕೆ ಹೋಗುವ ರೈಲಿನವರು ಹೊರಟಾಗಿತ್ತು. ಸ್ಟೇಷನ್‌ವರೆಗೂ ಕಾರಿನ ಹಿಂದೆ ಕಾರು. ಒಬ್ಬರೂ ಕೈ ಎತ್ತಿ ನಮಸ್ಕಾರ ಅನ್ನುವುದಿಲ್ಲ. ಪಾಪ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಫೋನು. ಸ್ಟೀರಿಂಗ್ ಯಾವುದರಲ್ಲಿ ಹಿಡಿಯುತ್ತಾರೋ ದೇವರೇ ಬಲ್ಲ.

ಸ್ಟೇಷನ್ನಿನ ಕಾರ್ ಪಾರ್ಕ್ ತುಂಬಿದ ಮೇಲೆ ನನ್ನ ಗೇಟಿನ ಮುಂದೆಯೇ ನಿಲ್ಲಿಸಿ ಓಡುತ್ತಾರೆ. ಇವತ್ತೂ ಒಂದು ಬಿಳಿ ಕಾರು. ಅದರ ಗಾಜಿಗೆ ನಾನೇ ಚೀಟಿ ಅಂಟಿಸಿದೆ — 'ಇದು ಮನೆ. ಒಳಗೆ ಜನ ಇದ್ದಾರೆ.'

ಹನ್ನೊಂದಕ್ಕೆ ಸಿರಿಲ್ ಬಂದ. ಬೇಲಿ ಕತ್ತರಿಸುವ ಕೆಲಸ ಬಿಟ್ಟು ಹತ್ತು ವರ್ಷವಾಯಿತು. ಈಗ ಸುದ್ದಿ ಹೊರುವುದೇ ಕಸುಬು. ಬಾಗಿಲಲ್ಲೇ ಶುರು ಮಾಡಿದ.

"ಡಲ್ಸಿ, ಗಾಸ್ಲಿಂಗ್ ಬಯಲಿನ ತುಂಬಾ ಗೂಟ ಹೊಡೀತಿದಾರೆ. ಹಳದಿ ಜಾಕೆಟ್‌ನೋರು."

"ಯಾರು?"

"ಇನ್ಯಾರು, ನೈಜೆಲ್ ಕಳಿಸಿರೋದು. ಎಂಬತ್ತು ಮನೆ ಕಟ್ತಾರಂತೆ."

ಆಂಬ್ರೋಸ್ ಟಕ್‌ವೆಲ್ ಸತ್ತಾಗ ಈ ಬಯಲೂ ಸೇರಿ ಜಮೀನೆಲ್ಲ ಅವನ ಅಣ್ಣನ ಮಗ ನೈಜೆಲ್‌ಗೆ ಹೋಯಿತು. ಹೆಂಡತಿ ಎನಿಡ್‌ಗೆ ಇರುವಷ್ಟು ದಿನ ಇರಲು ಮನೆ, ಅಷ್ಟೇ. ಆಗಲೇ ಅನ್ನಿಸಿತ್ತು, ಇದು ಆಗುತ್ತದೆ ಅಂತ. ಆದರೂ ಇಷ್ಟು ಬೇಗ...

ಮಾರ್ಚ್ 7, ಶುಕ್ರವಾರ

ಊರ ಹಾಲ್‌ನಲ್ಲಿ ಸಭೆ. ಕುರ್ಚಿ ಸಾಲಲಿಲ್ಲ. ಮುಂದೆ ನಿಂತು ಮಾತಾಡಿದ್ದು ಹ್ಯಾರಿಯೆಟ್. ಹಳೆಯ ಲಾಯವನ್ನು ಮನೆ ಮಾಡಿಕೊಂಡಿದ್ದಾಳಲ್ಲ, ಲಂಡನ್‌ನಲ್ಲಿ ವಕೀಲಿಕೆ, ಅವಳು. ಬಂದ ವರ್ಷವೇ ನನ್ನ ಹುಂಜ ಬೆಳಿಗ್ಗೆ ಕೂಗುತ್ತದೆ ಎಂದು ಕೌನ್ಸಿಲ್‌ಗೆ ದೂರು ಕೊಟ್ಟವಳು. ಇನ್ನೇನು ಮಧ್ಯಾಹ್ನ ಕೂಗಬೇಕಿತ್ತೇ?

ಆರು ವರ್ಷದ ಹಿಂದೆ ಬಂದವಳು 'ಇನ್ನು ಯಾರೂ ಬರಬಾರದು, ಊರು ಹಾಳಾಗುತ್ತದೆ' ಎಂದಾಗ ನಗು ತಡೆಯಲಾಗಲಿಲ್ಲ. ಆದರೆ ಬಯಲು ಉಳಿಸಬೇಕು ಅನ್ನುವವರು ಕೈ ಎತ್ತಿ ಎಂದಾಗ ಮೊದಲು ಎತ್ತಿದ್ದು ನಾನೇ.

ಅವಳು ಹೇಳಿದ ಕಾನೂನು ಇಷ್ಟು. ಇಪ್ಪತ್ತು ವರ್ಷ ಊರಿನವರು ಒಂದು ಬಯಲಿನಲ್ಲಿ ಯಾರ ತಡೆಯೂ ಇಲ್ಲದೆ ಆಡಿ, ಓಡಾಡಿಕೊಂಡಿದ್ದರೆ ಅದನ್ನು ಊರ ಬಯಲು ಎಂದು ಬರೆಸಬಹುದು. ಆಮೇಲೆ ಒಡೆಯನೇ ಬಂದರೂ ಒಂದು ಇಟ್ಟಿಗೆ ಇಡುವಂತಿಲ್ಲ. ವಿಚಾರಣೆ ಜೂನ್‌ನಲ್ಲಿ. ನವೆಂಬರ್ ಐದರ ಹಬ್ಬಕ್ಕೆ ಆ ಬಯಲಿನಲ್ಲಿ ಸೌದೆ ಒಟ್ಟಿ ಹಾಕುವ ಬೆಂಕಿಯನ್ನು ಇಷ್ಟು ವರ್ಷವೂ ನಾನೇ ಹಾಕಿಸಿದವಳಾದ್ದರಿಂದ ಮೊದಲ ಸಾಕ್ಷಿ ನಾನು.

ಗೆಲ್ಲುತ್ತೇವೆ ಅನ್ನಿಸಿತು. ಬರುವಾಗ ದಾರಿ ಬಿಟ್ಟು ಬಯಲಿನ ಮೂಲಕವೇ ಬಂದೆ. ಕಾಲಿಗೆ ಸಿಕ್ಕ ಒಂದು ಗೂಟ ಕಿತ್ತು ಬೇಲಿಯಾಚೆ ಎಸೆದೆ.

ಮಾರ್ಚ್ 11, ಮಂಗಳವಾರ, ಸಂಜೆ

ಹ್ಯಾರಿಯೆಟ್ ಮನೆಗೆ ಬಂದಿದ್ದಳು. ಸಾಕ್ಷಿ ಹೇಗೆ ಹೇಳಬೇಕೆಂದು ಒಮ್ಮೆ ಮಾತಾಡಿ ನೋಡೋಣ ಅಂತ. ಪ್ಲಮ್ ಕೇಕ್ ಕೊಟ್ಟೆ. ಬಯಲಿನಲ್ಲಿ ಏನೇನು ಮಾಡುತ್ತಿದ್ದಿರಿ ಎಂದಳು. ಬೆಂಕಿ, ಹಿಮ ಬಿದ್ದಾಗ ಮಕ್ಕಳ ಜಾರಾಟ, ಬೇಸಿಗೆಯಲ್ಲಿ ಹಗ್ಗ ಜಗ್ಗಾಟ, ನಾಯಿ ಓಡಾಡಿಸುವುದು... ಒಂದೊಂದಕ್ಕೂ ತಲೆಯಾಡಿಸಿದಳು. ಆಮೇಲೆ ನಾನು, ಹೇಳುವ ಭರದಲ್ಲಿ—

"ಅಕ್ಟೋಬರ್ ಕೊನೇಲಿ ಟಕ್‌ವೆಲ್ ಮನೆ ಹಿತ್ತಿಲ ಬಾಗಿಲಿಗೆ ಹೋಗಿ ಕೇಳ್ಕೊಂಡು ಬರ್ತಿದ್ದೆ. ಈ ಸಲಾನೂ ಬೆಂಕಿ ಹಾಕ್ಬಹುದಾ, ಮಕ್ಕಳು ವರ್ಷಪೂರ್ತಿ ಆಡ್ಬಹುದಾ ಅಂತ. 'ಆಡ್ಲಿ, ಗೇಟ್ ಮಾತ್ರ ಮುಚ್ಚಿ' ಅಂತಿದ್ದ ಆಂಬ್ರೋಸ್."

ಕೇಕ್ ಕೆಳಗಿಟ್ಟಳು.

"ಪ್ರತಿ ವರ್ಷ ಕೇಳ್ತಿದ್ರಾ?"

"ಕೇಳ್ದೆ ಇನ್ನೊಬ್ರ ಹೊಲಕ್ಕೆ ನುಗ್ತಾರೇನ್ರೀ? ನಮ್ಮತ್ತೆ ಕೇಳ್ತಿದ್ರು, ಅವರಾದ್ಮೇಲೆ ನಾನು."

"ಅಯ್ಯೋ ಡಲ್ಸಿ."

ಬಿಡಿಸಿ ಹೇಳಿದಳು. ಅಪ್ಪಣೆ ಕೇಳಿ ಆಡಿದರೆ ಅದು ಒಡೆಯನ ದಯೆಯಂತೆ. ಕೇಳದೆ ನುಗ್ಗಿ ಆಡಿದರೆ ಮಾತ್ರ ಹಕ್ಕಂತೆ. ಬೇಲಿ ಹಾರುವ ಪುಂಡರಾಗಿದ್ದರೆ ಬಯಲು ನಮ್ಮದಾಗುತ್ತಿತ್ತು. ಶೂ ಒರೆಸಿಕೊಂಡು ಬಾಗಿಲು ತಟ್ಟಿದ್ದರಿಂದ ನಮ್ಮದಲ್ಲ. ಇಂಥ ಕಾನೂನು ಬರೆದವನಿಗೆ ಅಮ್ಮ ಅನ್ನುವವಳು ಇರಲಿಲ್ಲವೇ?

"ಇದು ಯಾರ್ ಯಾರಿಗೆ ಗೊತ್ತು?"

"ಆಂಬ್ರೋಸ್ ಹೋದ. ಇನ್ನು ಎನಿಡ್ ಒಬ್ಬಳೇ."

ಹ್ಯಾರಿಯೆಟ್ ಎದ್ದು ಕೋಟು ಹಾಕಿಕೊಂಡಳು. "ನೋಡಿ, ನೀವೀಗ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಸುಳ್ಳು ಹೇಳಿ ಅಂತಾನೂ ನಾನು ಹೇಳ್ತಿಲ್ಲ. ಆದ್ರೆ ವಿಚಾರಣೆ ಮುಗಿಯೋವರ್ಗೂ ಆ ಅಜ್ಜಿ ಹತ್ರ ಈ ಮಾತು ಎತ್ಬೇಡಿ. ಅವರು ಮರೆತಿದ್ರೆ ಮರೆತೇ ಇರ್ಲಿ. ನೈಜೆಲ್ ಅವರ ಮನೆಯವನು, ನೆನಪಿರ್ಲಿ."

ಊಟ ಸೇರಲಿಲ್ಲ.

ಮಾರ್ಚ್ 13, ಗುರುವಾರ

ಗುರುವಾರ ಎನಿಡ್ ಮನೆಗೆ ಹೋಗುವ ದಿನ. ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟಾಗಿನಿಂದ ತಪ್ಪಿಸಿದ್ದಿಲ್ಲ. ಇಸ್ಪೀಟು, ಟೀ, ಅವಳ ಬೈಗುಳ. ಹೋದರೆ ಬಯಲಿನ ಮಾತು ಬಂದೇ ಬರುತ್ತದೆ. ಬಂದರೆ ನನ್ನ ಮುಖ ನನ್ನ ಮಾತು ಕೇಳುವುದಿಲ್ಲ.

ಶೀತ ಎಂದು ಫೋನ್ ಮಾಡಿದೆ.

"ಶೀತಾನಾ? ನಿಂಗಾ? ಕುದುರೆಗೆ ಬರೋ ಶೀತ ನಿಂಗೆ ಬರಲ್ಲ," ಎಂದಳು.

ಮಾರ್ಚ್ 27, ಗುರುವಾರ

ಮಂಡಿ ನೋವು ಎಂದೆ. ಅವಳು ಈ ಸಲ ಬೈಯಲೂ ಇಲ್ಲ. ಅದು ಇನ್ನೂ ಕಷ್ಟ.

ಏಪ್ರಿಲ್ 17, ಗುರುವಾರ

ಸಿರಿಲ್ ಕೈಯಲ್ಲಿ ಶುಂಠಿ ಕೇಕ್ ಕಳಿಸಿದ್ದಾಳೆ ಎನಿಡ್. ಕಾಗದದಲ್ಲಿ ಸುತ್ತಿ, ದಾರ ಕಟ್ಟಿ. ಗಂಟು ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಅವಳ ಬೆರಳು ಈಗ ನೆಟ್ಟಗಿಲ್ಲ. ಹೇಗೆ ಕಟ್ಟಿದಳೋ.

"ಏನ್ ಜಗಳ ನಿಮ್ಮಿಬ್ರಿಗೂ?" ಎಂದ ಸಿರಿಲ್.

"ಜಗಳ ಇಲ್ಲ."

"ಮತ್ತೆ ಆವಮ್ಮ ಯಾಕೆ ಗುರುವಾರ ಎರಡು ಕಪ್ ಇಟ್ಕೊಂಡು ಕೂತಿರ್ತಾಳೆ?"

ಹೋಗು ಎಂದೆ. ಗದರಿಸಿಯೇ ಹೇಳಿದೆ. ಹೋದ.

ಕೇಕ್ ತಿಂದೆ, ಒಂದು ಚೂರೂ ಬಿಡದೆ. ನಾಚಿಕೆಯಾಯಿತು, ಆದರೂ ತಿಂದೆ.

ಮೇ 22, ಗುರುವಾರ

ಅಂಗಡಿಯಲ್ಲಿ ಎನಿಡ್. ಕೋಲೂರಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಬಿಸ್ಕತ್ತಿನ ಕಪಾಟಿನ ಹಿಂದೆ ಸರಿದೆ. ಈ ವಯಸ್ಸಿನಲ್ಲಿ, ಕಳ್ಳಿಯ ಹಾಗೆ. ಅವಳು ಅಂಗಡಿಯ ಹುಡುಗಿಗೆ ಕಾಗೆಯನ್ನು ಬೈದಂತೆ ಬೈಯುತ್ತಿದ್ದಳು, ಸಾದಾ ಬ್ರೆಡ್ ಯಾಕಿಲ್ಲ, ಈ ಕಲ್ಲಿನಂಥ ಬ್ರೆಡ್ ಯಾರು ತಿನ್ನುತ್ತಾರೆ ಎಂದು. ಲಂಡನ್ನಿನವರು ತಿನ್ನುತ್ತಾರೆ ಎಂದಳು ಹುಡುಗಿ. ನಗು ಬಂದು ಬಾಯಿಗೆ ಕೈ ಅಡ್ಡ ಹಿಡಿದೆ. ಮೊದಲಾಗಿದ್ದರೆ ಇಬ್ಬರೂ ದಾರಿಯುದ್ದಕ್ಕೂ ನಗುತ್ತಾ ಬರುತ್ತಿದ್ದೆವು.

ಸಂಜೆ ಅವಳ ಮನೆಯ ಮುಂದೆ ನೈಜೆಲ್ ಕಾರು. ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಇತ್ತು. ಏನು ಕೇಳುತ್ತಿರಬಹುದು? ಅವಳು ಏನು ಹೇಳುತ್ತಿರಬಹುದು?

ನನಗೆ ಭಯ. ಬರೆದೇ ಬಿಡುತ್ತೇನೆ. ಆ ಬಯಲು ಹೋದರೆ ಸ್ಟೇಷನ್ನಿಗೂ ನನ್ನ ಅಡುಗೆಮನೆಗೂ ನಡುವೆ ಒಂದು ಹಸಿರು ಕಡ್ಡಿ ಇರುವುದಿಲ್ಲ. ಊರಿಗೆ ಬಸ್ ಬರುವುದೇ ನಿಂತುಹೋದಾಗ ಸುಮ್ಮನಿದ್ದೆ. ಪಬ್‌ನಲ್ಲಿ ಊಟವನ್ನು ತಟ್ಟೆ ಬಿಟ್ಟು ಹಲಗೆಯ ಮೇಲೆ ಬಡಿಸತೊಡಗಿದಾಗಲೂ ಸುಮ್ಮನಿದ್ದೆ. ನನ್ನ ಗಂಡ ಲೆನ್ ಇದ್ದಾಗ ಅವನೂ ನಾನೂ ಸೌದೆ ಒಟ್ಟಿದ ಜಾಗ ಅದು. ಇದೊಂದನ್ನು ಬಿಡಲಾರೆ. ಸುಳ್ಳು ಹೇಳುತ್ತೇನೆ.

ಜೂನ್ 9, ಸೋಮವಾರ

ಕನ್ನಡಿಯ ಮುಂದೆ ನಿಂತು 'ಇಲ್ಲ, ಕೇಳಿಲ್ಲ' ಎಂದು ಹೇಳಿ ನೋಡಿದೆ. ಮೂರನೆಯ ಸಲ ಚೆನ್ನಾಗಿ ಬಂತು. ನೀಲಿ ಕೋಟು ಇಸ್ತ್ರಿ ಮಾಡಿಟ್ಟಿದ್ದೇನೆ.

ಜೂನ್ 10, ಮಂಗಳವಾರ

ಬರೆಯಬೇಕು. ಆದದ್ದು ಆದ ಹಾಗೆ.

ಹಾಲ್ ತುಂಬಿತ್ತು. ಕೆಲಸಕ್ಕೆ ರಜೆ ಹಾಕಿ ಬಂದಿದ್ದರು ರೈಲಿನವರೆಲ್ಲ. ಎದುರಿಗೆ ಇನ್ಸ್‌ಪೆಕ್ಟರ್ — ಪೊಲೀಸಿನವನಲ್ಲ, ವಿಚಾರಣೆ ನಡೆಸುವವನು, ಸಣ್ಣ ಮೀಸೆ, ಒಳ್ಳೆಯವನ ಹಾಗೆ ಕಂಡ. ಒಂದು ಕಡೆ ಹ್ಯಾರಿಯೆಟ್, ಇನ್ನೊಂದು ಕಡೆ ನೈಜೆಲ್ ಮತ್ತು ಅವನ ವಕೀಲ. ಎರಡನೆಯ ಸಾಲಿನಲ್ಲಿ ಎನಿಡ್! ಹಬ್ಬದ ಟೋಪಿ ಹಾಕಿಕೊಂಡು. ನೈಜೆಲ್ ಕರೆತಂದಿದ್ದಾನೆ ಅಂದುಕೊಂಡೆ. ನನ್ನನ್ನು ನೋಡಿ ಕೈ ಬೀಸಿದಳು. ನಾನು ಕಾಣದವಳ ಹಾಗೆ ಕಾಗದ ತಿರುವಿದೆ.

ಬೆಂಕಿ, ಹಿಮ, ಹಗ್ಗ, ನಾಯಿ — ಎಲ್ಲ ಹೇಳಿದೆ. ಜನ ನಕ್ಕರು ಕೂಡ. ನೈಜೆಲ್‌ನ ವಕೀಲ ಕುಳಿತುಕೊಳ್ಳಲು ಹೊರಟವನು, ಏನೋ ಮರೆತವನಂತೆ ತಿರುಗಿದ.

"ಇದಕ್ಕೆಲ್ಲ ಟಕ್‌ವೆಲ್ ಮನೆಯವರ ಅಪ್ಪಣೆ ಯಾವಾಗ್ಲಾದ್ರೂ ಕೇಳಿದ್ರಾ?"

ಅವನಿಗೆ ಗೊತ್ತಿರಲಿಲ್ಲ. ಕಣ್ಣು ನೋಡಿದರೇ ತಿಳಿಯುತ್ತಿತ್ತು. ಎಲ್ಲರಿಗೂ ಕೇಳುವ ಪ್ರಶ್ನೆ, ಅಷ್ಟೇ.

"ಇಲ್ಲ. ಕೇಳಿಲ್ಲ."

ಸಲೀಸಾಗಿ ಬಂತು. ಹ್ಯಾರಿಯೆಟ್ ಉಸಿರು ಬಿಟ್ಟಿದ್ದು ನನ್ನವರೆಗೂ ಕೇಳಿಸಿತು. ಆಗ ಕೋಲು ನೆಲಕ್ಕೆ ಕುಟ್ಟಿದ ಸದ್ದು.

"ಏನಂದೆ ಡಲ್ಸಿ?"

ಎನಿಡ್ ಎದ್ದು ನಿಂತಿದ್ದಳು.

"ಅಮ್ಮಾ, ಈಗ ನಿಮ್ಮ ಸರದಿ ಅಲ್ಲ," ಎಂದ ಇನ್ಸ್‌ಪೆಕ್ಟರ್.

"ನನ್ನ ಸರದಿ ಯಾವಾಗ ಅಂತ ನೀನು ಹೇಳ್ಬೇಡಪ್ಪ. ಇವಳು ನನ್ನ ಗೆಳತಿ." ತಿರುಗಿ ನನ್ನ ಕಡೆ. "ಕೇಳಿಲ್ವಾ ನೀನು? ನನ್ನ ಹಿತ್ತಿಲ ಬಾಗಿಲಲ್ಲಿ ನಿಂತ್ಕೊಂಡು, ಪ್ರತಿ ವರ್ಷ? 'ಈ ಊರಲ್ಲಿ ಮರ್ಯಾದೆ ಅಂತ ಉಳಿದಿದ್ರೆ ಡಲ್ಸಿ ಹತ್ರ' ಅಂತಿದ್ರು ನಮ್ಮವ್ರು. ಹಾಸಿಗೆ ಹಿಡಿದಾಗ್ಲೂ ಅಂತಿದ್ರು. ಅವರಿಲ್ಲ ಅಂತ ಈಗ ಕೇಳೇ ಇಲ್ಲ ಅಂತೀಯಾ? ಅವರನ್ನ ಲೆಕ್ಕಕ್ಕೇ ಇಟ್ಟಿರ್ಲಿಲ್ಲ ಅಂತೀಯಾ?"

ನೈಜೆಲ್ ಕಟ್ಟುವ ಮನೆಗಳ ವಿಷಯ ಅವಳ ತಲೆಯಲ್ಲೇ ಇರಲಿಲ್ಲ. ನೊಂದಿದ್ದಳು, ಅಷ್ಟೇ. ನೈಜೆಲ್‌ನ ವಕೀಲ ಸರಸರ ಬರೆದುಕೊಳ್ಳುತ್ತಿದ್ದ.

ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದ. "ನಿಮ್ಮ ಉತ್ತರ ಬದಲಾಯಿಸೋದಿದೆಯಾ?"

ಎನಿಡ್‌ಗೆ ಮರೆವು ಎಂದುಬಿಡಬಹುದಿತ್ತು. ಅವಳ ವಯಸ್ಸಿಗೆ ಎಲ್ಲರೂ ನಂಬುತ್ತಿದ್ದರು. ಹ್ಯಾರಿಯೆಟ್‌ನ ಕಣ್ಣು ಅದನ್ನೇ ಹೇಳುತ್ತಿತ್ತು. ಆ ಮಾತು ಬಾಯಿಗೂ ಬಂದಿತ್ತು. ಆದರೆ ಆ ಟೋಪಿ ಹಾಕಿಕೊಂಡವಳನ್ನು ಊರ ಮುಂದೆ ಅರಳುಮರಳಿನವಳನ್ನಾಗಿ ಮಾಡುವುದು... ಆಗಲಿಲ್ಲ.

"ಕೇಳಿದ್ದೆ," ಎಂದೆ. "ಪ್ರತಿ ವರ್ಷ ಕೇಳಿದ್ದೆ. ಆಂಬ್ರೋಸ್ ಆಗ್ಲಿ ಅಂತಿದ್ದ."

ಹ್ಯಾರಿಯೆಟ್ ಪೆನ್ನಿನ ಮುಚ್ಚಳ ಹಾಕಿದಳು.

ಜೂನ್ 11, ಬುಧವಾರ

ಹಾಲಿಗೆಂದು ಅಂಗಡಿಗೆ ಹೋದೆ. ಮಾತಾಡುತ್ತಿದ್ದವರು ನಿಲ್ಲಿಸಿದರು. ಹ್ಯಾರಿಯೆಟ್‌ನ ಗಂಡ ಬಾಗಿಲು ಹಿಡಿದು ನಿಂತು ದಾರಿ ಬಿಟ್ಟ. ತುಂಬಾ ಮರ್ಯಾದೆಯಿಂದ. ಒದ್ದಿದ್ದರೆ ವಾಸಿಯಿತ್ತು.

ತೀರ್ಪು ಬರಲು ಇನ್ನೂ ವಾರಗಳಿವೆಯಂತೆ. ಯಾರೂ ಕಾಯುತ್ತಿಲ್ಲ. ಹಳದಿ ಜಾಕೆಟ್‌ನವರು ಬೆಳಿಗ್ಗೆಯೇ ಬಂದಿದ್ದಾರೆ.

ಜೂನ್ 12, ಗುರುವಾರ, ಮಧ್ಯಾಹ್ನ

ಎನಿಡ್ ಬಂದಳು. ನಡೆದೇ ಬಂದಳಂತೆ, ಬಯಲಿನ ಮೂಲಕ, ಗೂಟಗಳನ್ನು ದಾಟಿಕೊಂಡು. ಬಾಗಿಲು ತೆಗೆದಾಗ ಏದುಸಿರು ಬಿಡುತ್ತಿದ್ದಳು. ಕುರ್ಚಿ ಎಳೆದು ಕೂರಿಸಿದೆ. ಟೋಪಿಯನ್ನೂ ತೆಗೆಯಲಿಲ್ಲ.

"ಸಿರಿಲ್ ಈಗ ಹೇಳ್ದ, ನನ್ನ ಮಾತಿಂದ ಬಯಲು ಹೋಯ್ತಂತೆ. ಹೌದಾ?"

ಟೀಗೆ ನೀರು ಇಟ್ಟೆ.

"ಮೂರು ತಿಂಗಳು ನನ್ನ ಮನೆ ಕಡೆ ತಲೆ ಹಾಕ್ಲಿಲ್ಲ ನೀನು. ನಾನೇ ಏನೋ ಅಂದಿರ್ಬೇಕು ಅಂತ ಎಷ್ಟ್ ಯೋಚನೆ ಮಾಡ್ದೆ ಗೊತ್ತಾ? ಹಾಲ್‌ಗೆ ಬಂದ್ರೆ ನಿನ್ನ ಮುಖ ಆದ್ರೂ ನೋಡ್ಬಹುದು ಅಂತ ಬಂದೆ ಕಣೇ. ನೈಜೆಲ್ ಬೇಡ ಅಂದ. ಟ್ಯಾಕ್ಸಿ ಮಾಡ್ಕೊಂಡು ಬಂದೆ."

"ನೈಜೆಲ್ ನಿನ್ನ ಕಡೆಯವನು ಅಂತ..."

"ನನ್ನ ಕಡೆಯವನು! ನನ್ನ ಕಿಟಕಿ ಎದುರಿಗೆ ಎಂಬತ್ತು ಚಿಮಣಿ ಬೇಕು ಅಂತ ನಾನು ಕೇಳಿದ್ನಾ?" ಕೋಲು ಮೇಜಿಗೆ ಒರಗಿಸಿದಳು, ಅದು ಜಾರಿ ಬಿತ್ತು, ಇಬ್ಬರೂ ಎತ್ತಲಿಲ್ಲ. "ಒಂದ್ ದಿನ ಬಂದು, 'ಎನಿಡ್, ಬಾಯಿ ಮುಚ್ಕೊಂಡಿರು' ಅಂದಿದ್ರೆ ಸಾಕಿತ್ತಲ್ಲೇ. ಅಷ್ಟು ವರ್ಷ ಆಂಬ್ರೋಸ್ ಜೊತೆ ಬಾಳಿದವಳು. ಬಾಯಿ ಮುಚ್ಕೊಂಡಿರೋದು ನಂಗೆ ಬರಲ್ವಾ?"

ಟೀ ಮಾಡಿದೆ. ಅರ್ಧ ಕುಡಿದು, ನಡೆದ ಆಯಾಸಕ್ಕೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ಶೂ ತುಂಬಾ ಬಯಲಿನ ಕೆಸರು.

ಎಬ್ಬಿಸಬೇಕು. ಕತ್ತಲಾಗುವ ಮುಂಚೆ ಮನೆಗೆ ಬಿಟ್ಟು ಬರಬೇಕು, ಅದೂ ಅದೇ ದಾರಿ. ಎದ್ದ ಕೂಡಲೇ ಮತ್ತೆ ಕೇಳುತ್ತಾಳೆ, ಯಾಕೆ ಬರಲಿಲ್ಲ ಎಂದು. ನಿನ್ನನ್ನು ನಂಬಲಿಲ್ಲ ಎಂದು ಹೇಗೆ ಹೇಳಲಿ?