ಹಗ್ಗದ ಆಚೆ ನಿಂತವಳು

ತಮ್ಮನಿಗೆ,

ಅಮ್ಮನ ಶವದ ಮೇಲಿಡಲು ನೀನು ಕಳಿಸಿದ ಹಾರ ನಿನಗಿಂತ ಮೊದಲೇ ಬಂತು. ಅದರ ಮೇಲಿನ ನಿನ್ನ ಹೆಸರು ಅಮ್ಮನ ಮುಖಕ್ಕಿಂತ ದೊಡ್ಡದಿತ್ತು. ಪಕ್ಕಕ್ಕೆ ಸರಿಸಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನೀನು ಮಂತ್ರಿಯಾದ ವರ್ಷವೇ ಅಮ್ಮ ಹಾಸಿಗೆ ಹಿಡಿದಳು. ನಾನು ಕೆಲಸಕ್ಕೆ ಹೋದಾಗ ಅವಳ ಬೆನ್ನು ಒರೆಸಿ, ತುತ್ತು ತಿನ್ನಿಸಿದವಳು ಎದುರುಮನೆಯ ಇಸ್ತ್ರಿ ಅಕ್ಕ. ನಿನ್ನ ಮೊದಲ ಚುನಾವಣೆಯ ಅಂಗಿಗಳಿಗೆ ಇಸ್ತ್ರಿ ಹಾಕಿದ ಕೈಯೂ ಅದೇ, ಮರೆತಿರಲಿಕ್ಕಿಲ್ಲ. ನೀನು ಬರುತ್ತೀಯೆಂದು ಪೊಲೀಸರು ಬೀದಿಗೆ ಹಗ್ಗ ಕಟ್ಟಿ, "ಮನೆಯವರು ಮಾತ್ರ" ಎಂದು ಅವಳನ್ನು ಆಚೆ ನಿಲ್ಲಿಸಿದ್ದಾರೆ. "ಹೋಗ್ಲಿ ಬಿಡಮ್ಮ, ದೊಡ್ಡವರು ಬರ್ತಾರಲ್ಲ" ಅಂದಳು.

ಕಾರನ್ನು ತಿರುವಿನಲ್ಲೇ ಬಿಟ್ಟು ನಡೆದು ಬಾ. ಅವಳಿಗೆ ಕೈ ಮುಗಿದು, ಜೊತೆಯಲ್ಲೇ ಕರೆದುಕೊಂಡು ಬಾ. ಕ್ಯಾಮೆರಾದವರು ಬೇಡ.

ನೀನು ಬರುವ ತನಕ ಅಮ್ಮನನ್ನು ಎತ್ತಬಾರದೆಂದು ನಿನ್ನವರು ಹೇಳಿಹೋಗಿದ್ದಾರೆ. ಅವಳು ಬರುವ ತನಕ ನಾನು ಎತ್ತಗೊಡುವುದಿಲ್ಲ.

ನಿನ್ನ ಅಕ್ಕ