ನೀಲಿ ಗ್ಯಾಲಕ್ಸಿಯ ಟ್ರೇಸಿಂಗ್ ಹಾಳೆ

೬ ಫೆಬ್ರವರಿ ೧೯೮೪, ಸೋಮವಾರ

ಬೆಳಿಗ್ಗೆ ಬಸ್ಸಿನ ಗಾಜಿನ ಮೇಲೆ ಯಾರೋ ಹಣೆ ಒರಗಿಸಿದ ಎಣ್ಣೆಯ ಗುರುತು. ಅದರ ಮೂಲಕ ಹೆಬ್ಬಾಳ ಕೆರೆ ಮಸುಕು ಮಸುಕು.

ಖಗೋಳ ಸಂಸ್ಥೆಯಲ್ಲಿ ಇಂದು ನನಗೆ ಟೈಪಿಂಗ್ ಇಲ್ಲ. ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ರಜೆ, ಕೈ ನಡುಗದವಳೆಂದು ಟ್ರೇಸಿಂಗ್ ನನ್ನ ಪಾಲಿಗೆ. ನನ್ನ ಕನ್ನಡ ಎಂ.ಎ.ಗೆ ಇದೂ ಒಂದು ಉಪಯೋಗ. ಸಂಶೋಧನಾ ವಿದ್ಯಾರ್ಥಿ ಕಾಶಿನಾಥ್ ಅವರ ಥೀಸಿಸ್ಸಿನ ಚಿತ್ರ, ಪ್ಲಾಟ್ ಮೇಲೆ ಪಾರದರ್ಶಕ ಹಾಳೆ ಇಟ್ಟು ತೆಗೆಯಬೇಕು. ಪುಟ್ಟ ನೀಲಿ ಗ್ಯಾಲಕ್ಸಿಯೊಂದರಲ್ಲಿ ಹೈಡ್ರೋಜನ್ ಅನಿಲ ಎಲ್ಲಿ ದಟ್ಟ, ಎಲ್ಲಿ ತೆಳು — ಬೆಟ್ಟದ ನಕ್ಷೆಯಂತೆ ಸುತ್ತುಗೆರೆಗಳು.

"ಅಂಕಿ ಬ್ಯಾಡ್ರಿ, ಗೆರಿ ಅಷ್ಟ ಸಾಕು," ಎಂದರು. ಧಾರವಾಡದ ಕಡೆಯವರು.

ದಿಕ್ಕು ಮಾತ್ರ ನಾನೇ ಪೆನ್ಸಿಲಿನಲ್ಲಿ ಗುರುತಿಸಿದೆ. ಮೇಲೆ ಉತ್ತರ, ಬಲಕ್ಕೆ ಪೂರ್ವ.

೯, ಗುರುವಾರ

ಕಾಶಿನಾಥ್ ಬರಿಗಾಲಲ್ಲೇ ಓಡಿಬಂದರು. ಗ್ಯಾಲಕ್ಸಿಯ ಫೋಟೋದ ಮೇಲೆ ನನ್ನ ಹಾಳೆ ಇಟ್ಟು ನೋಡಿದರಂತೆ. ಹೊಸ ನಕ್ಷತ್ರಗಳ ನೀಲಿ ಚುಕ್ಕೆ ಒಂದು ಕಡೆ, ಅನಿಲದ ಗುಡ್ಡೆ ಇನ್ನೊಂದು ಕಡೆ.

ಅನಿಲ ಇರುವಲ್ಲೇ ಅಲ್ಲವೇ ನಕ್ಷತ್ರ ಹುಟ್ಟುವುದು? ಕೇಳಿದೆ. ಟೈಪ್ ಮಾಡಿ ಮಾಡಿ ಅಷ್ಟು ಗೊತ್ತು.

"ಅದ ಮಜಾ ನೋಡ್ರಿ! ಹುಟ್ಟಿದ ಕೂಸುಗಳು ಅನಿಲದ ತೊಟ್ಟಲಾನ ಒದ್ದು ದೂಡ್ಯಾವ!"

ಐದು ವರ್ಷದಲ್ಲಿ ಗೈಡ್ ಮೊದಲ ಸಲ "ಗುಡ್" ಅಂದರಂತೆ. ಇಪ್ಪತ್ತನೇ ತಾರೀಕು ಎಲ್ಲರೆದುರು ಸೆಮಿನಾರ್.

೧೭, ಶುಕ್ರವಾರ

ಸ್ಲೈಡಿಗೆ ದಿಕ್ಕಿನ ಅಕ್ಷರ ಅಂಟಿಸುವ ಕೆಲಸ. ಪೂರ್ವವನ್ನು ಬಲಕ್ಕೆ ಹಿಡಿದೆ. ಕಾಶಿನಾಥ್ ನಕ್ಕರು.

"ಆಕಾಶದ ನಕ್ಷೆದಾಗ ಪೂರ್ವ ಎಡಕ್ಕ ರೀ. ಅಂಗಾತ ಮಲಗಿ ಮ್ಯಾಲೆ ನೋಡ್ರಿ, ತಿಳೀತದ. ಅವತ್ತೂ ನೀವು ಹಿಂದಮುಂದ ಟ್ರೇಸ್ ಮಾಡಿದ್ರಿ. ಪೂರ್ವ ಬಲಕ್ಕಿತ್ತಲ್ಲ, ಅದಕ್ಕ ನಾನ ಹಾಳಿ ಮಗುಚಿ ಫೋಟೋದ ಮ್ಯಾಲೆ ಇಟ್ಟೆ."

ಹಿಂದುಮುಂದು ಮಾಡಿರಲಿಲ್ಲ. ಗೆರೆ ಸರಿಯಿತ್ತು. ತಪ್ಪಿದ್ದು ನಾನು ಬರೆದ ದಿಕ್ಕೊಂದೇ... ಪೂರ್ವವನ್ನು ಎಡಕ್ಕೆ ಅಂಟಿಸಿದೆ.

ಅವರು ಊಟಕ್ಕೆ ಹೋದಾಗ ಹಾಳೆಯನ್ನು ಮತ್ತೆ ಮಗುಚಿ ಫೋಟೋದ ಮೇಲಿಟ್ಟೆ. ಅನಿಲ ನೇರ ನೀಲಿ ಚುಕ್ಕೆಗಳ ಮೇಲೆಯೇ ಕೂತಿತು. ಎಲ್ಲರಿಗೂ ಗೊತ್ತಿರುವ ಹಾಗೆ. ಹೊಸದೇನೂ ಇಲ್ಲ.

೧೮, ಶನಿವಾರ

ಸೆಮಿನಾರಿಗೆಂದು ಕಾಶಿನಾಥ್ ಅವರ ತಾಯಿ ಕಾಶವ್ವ ಊರಿಂದ ಬಂದಿದ್ದಾರೆ. ಸಂಸ್ಥೆ ನೋಡಲು ಬಂದವರು ನನ್ನ ಟೇಬಲ್ಲಿಗೂ ಬಂದರು. "ಗೆರಿ ತಗದಾಕಿ ಇಕಿನ ಏನ? ತಗೋವಾ, ಉಂಡಿ ತಿನ್ನು. ಹಿಂಗ್ಯಾಕ ಒಣಗೀ?"

ತಿಂದೆ. ಕಾಶಿನಾಥ್ ಅವರ ಕೋಣೆಯ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ಸು.

ಸೋಮವಾರ ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮುಂದೆ ಯಾರೋ ಅಳೆದು ನೋಡುತ್ತಾರೆ. ಆಗ ಕೆಡುವುದು ಅವರ ಹೆಸರು, ನನ್ನದಲ್ಲ.

೧೯, ಭಾನುವಾರ, ಬೆಳಿಗ್ಗೆ ೯

ಹಾಳೆ, ನಾನು ಟ್ರೇಸ್ ಮಾಡಿದ ಮೂಲ ಪ್ಲಾಟ್, ಫೋಟೋ — ಮೂರೂ ನಿನ್ನೆಯೇ ಚೀಲಕ್ಕೆ ಹಾಕಿಕೊಂಡು ಬಂದೆ.

"ಭಾನುವಾರಾನೂ ಆಫೀಸೇನೇ?" ಅಮ್ಮ.

ಅಲ್ಲ, ಗಂಗಾನಗರ. ಕಾಶಿನಾಥ್ ಅವರ ಬಾಡಿಗೆ ಮನೆ. ಮಾತು ಹೊರಡದಿದ್ದರೆ ಅವರ ಮುಂದೆಯೇ ಹಾಳೆ ಮಗುಚಿ ಇಡುತ್ತೇನೆ. ಕಾಶವ್ವ ಅಲ್ಲೇ ಇರುತ್ತಾರೆ. ಇರಲಿ. ಮೊದಲು ಹೇಳಬೇಕಾದದ್ದು, ಪೂರ್ವ ಬರೆದವಳು ನಾನು ಎಂದು, ಆಮೇಲೆ ಗೆರೆ ಸರಿಯಿತ್ತು ಎಂದು. ಬಸ್ಸಿಗೆ ಹೊತ್ತಾಯಿತು.